ಉಜಿಯ ನಿಂಟೆಂಡೊ ಮ್ಯೂಸಿಯಂ: ನೋಡಿ ಬಂದವರು, ನೋಡಬೇಕೆಂದಿರುವವರು ಇಲ್ಲಿ ಬರೆಯಿರಿ

ಒಸಾಕಾ ಸೊಸೆ

ಜಪಾನಿಗೆ ಬರುವ ನಮ್ಮವರು ಕ್ಯೋಟೋ ನೋಡದೆ ಹೋಗುವುದಿಲ್ಲ. ಆದರೆ ಅಲ್ಲಿಂದ ರೈಲಿನಲ್ಲಿ ಸ್ವಲ್ಪವೇ ದೂರವಿರುವ ಉಜಿ ನಗರದ ಒಗುರಾಕ್ಕೆ ಹೋದವರು ಇಲ್ಲಿ ಯಾರೂ ಕಾಣುತ್ತಿಲ್ಲ. ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಮ್ಯೂಸಿಯಂ ಅಲ್ಲಿ ತೆರೆದದ್ದು 2024ರ ಅಕ್ಟೋಬರ್ 2ರಂದು. ಟಿಕೆಟ್ಟನ್ನು ಲಾಟರಿ ಎತ್ತಿ ಕೊಡುತ್ತಾರೆ. ನಮ್ಮ ಹೆಸರು ಬಂದದ್ದರಿಂದ ಯಜಮಾನರು, ಮಗಳು, ಶ್ರೀರಂಗಪಟ್ಟಣದಿಂದ ಬಂದಿದ್ದ ಅತ್ತೆ, ನಾನು ಎಲ್ಲರೂ ಹೋಗಿ ಬಂದೆವು. ವಿಡಿಯೊ ಗೇಮ್ ಆಡುವ ಮಕ್ಕಳ ಜಾಗ ಅದು, ನಮಗೇನು ಕೆಲಸ ಎಂದು ಕೈಬಿಟ್ಟವರಿದ್ದರೆ ಇದನ್ನು ಓದಿ ಇನ್ನೊಮ್ಮೆ ಯೋಚಿಸಿ.

ಮೊದಲು ಕಟ್ಟಡದ ಕಥೆ. ಅದು 1969ರಲ್ಲಿ ಕಟ್ಟಿದ ಕಾರ್ಖಾನೆ. ಇಸ್ಪೀಟು ಎಲೆಗಳು, ಹನಾಫುದಾ ಎಂಬ ಹೂವಿನ ಚಿತ್ರದ ಎಲೆಗಳು ಅಲ್ಲಿ ತಯಾರಾಗುತ್ತಿದ್ದವು. ಮುಂದೆ ಕೆಟ್ಟ ಆಟದ ಯಂತ್ರಗಳ ರಿಪೇರಿಯೂ ಅಲ್ಲೇ ನಡೆಯಿತು. ಕಂಪನಿಯ ಮೂಲವೂ ಎಲೆಗಳೇ. 1889ರಲ್ಲಿ ಫುಸಾಜಿರೊ ಯಮೌಚಿ ಎಂಬವರು ಕ್ಯೋಟೋದಲ್ಲಿ ಹನಾಫುದಾ ಮಾಡಿ ಮಾರಲು ಅಂಗಡಿ ಇಟ್ಟರು. ಇವತ್ತು ಕಂಪನಿಯ ಆಟಗಳ ನಾಯಕ ಮಾರಿಯೊ ಎಂದು ಕುಣಿಯುವ ಮಕ್ಕಳಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಮ್ಯೂಸಿಯಂ ಅದನ್ನು ಮರೆಮಾಡಿಲ್ಲ, ಎದುರಿಗೇ ಇಟ್ಟಿದೆ.

ಮೇಲಿನ ಮಹಡಿಯಲ್ಲಿ ಕಂಪನಿ ಮಾಡಿದ ವಸ್ತುಗಳು ಸಾಲುಸಾಲಾಗಿವೆ. ಎಲೆಗಳಿಂದ ಹಿಡಿದು ಟಿವಿಗೆ ಜೋಡಿಸಿ ಆಡುವ 1983ರ ಫ್ಯಾಮಿಕಾಮ್, ಕೈಯಲ್ಲಿ ಹಿಡಿದು ಆಡುವ 1989ರ ಗೇಮ್ ಬಾಯ್, 2017ರ ಸ್ವಿಚ್ ಎಂಬ ಆಟದ ಯಂತ್ರಗಳವರೆಗೆ. ನನಗೆ ಹೆಚ್ಚು ಹಿಡಿಸಿದ್ದು ನಡುವಿನ ಕಾಲ. 1953ರಲ್ಲಿ ಜಪಾನಿನ ಮೊದಲ ಪ್ಲಾಸ್ಟಿಕ್ ಇಸ್ಪೀಟು ಎಲೆಗಳನ್ನು ತಂದ ಕಂಪನಿ ಆಮೇಲೆ ಮಗುವಿನ ತಳ್ಳುಗಾಡಿ, ನಕಲು ತೆಗೆಯುವ ಯಂತ್ರ, ದೂರದಿಂದ ಓಡಿಸಬಹುದಾದ ಕಸ ಎಳೆಯುವ ಪುಟ್ಟ ಯಂತ್ರ ಎಲ್ಲಕ್ಕೂ ಕೈ ಹಾಕಿದೆ. ಯಾವ ದಾರಿ ಎಂದು ತಿಳಿಯದೆ ಎಲ್ಲ ಬಾಗಿಲನ್ನೂ ತಟ್ಟಿದ ಆ ವರ್ಷಗಳನ್ನು ಒಂದು ಕಂಪನಿ ಹೀಗೆ ಜನರ ಮುಂದೆ ಬಿಚ್ಚಿಟ್ಟದ್ದು ದೊಡ್ಡತನ ಎಂದೇ ನನ್ನ ಅಭಿಪ್ರಾಯ. ಈ ಮಹಡಿಯಲ್ಲಿ ಫೋಟೊ ತೆಗೆಯುವಂತಿಲ್ಲ.

ಕೆಳಗಿನ ಮಹಡಿ ಆಡುವುದಕ್ಕೆ. ಪ್ರತಿಯೊಬ್ಬರ ಪ್ರವೇಶ ಕಾರ್ಡಿನಲ್ಲಿ ಹತ್ತು ಡಿಜಿಟಲ್ ನಾಣ್ಯಗಳಿರುತ್ತವೆ. ಒಂದೊಂದು ಆಟಕ್ಕೆ ಒಂದೊಂದು ಬೆಲೆ. ದೊಡ್ಡ ಪರದೆಯ ಮುಂದೆ ಬಂದೂಕು ಹಿಡಿದು ಗುರಿಯಿಡುವ ಆಟಕ್ಕೇ ನಾಲ್ಕು ಹೋಗುತ್ತವೆ. ಮುಗಿದ ಮೇಲೆ ಹಣ ಕೊಟ್ಟು ಕೊಳ್ಳಲು ಬರುವುದಿಲ್ಲ, ಉಳಿಸಿಕೊಂಡು ಇನ್ನೊಂದು ದಿನ ಬಳಸಲೂ ಬರುವುದಿಲ್ಲ. ಎಲ್ಲವನ್ನೂ ಒಬ್ಬರೇ ಆಡಲಾಗದು. ಮನೆಯವರು ಆಟಗಳನ್ನು ಹಂಚಿಕೊಂಡು, ಒಬ್ಬರು ಆಡುವಾಗ ಉಳಿದವರು ಪಕ್ಕದಲ್ಲಿ ನಿಂತು ನೋಡುವುದೇ ಸರಿಯಾದ ಕ್ರಮ. 1960ರ ದಶಕದ ಮನೆಯ ಕೋಣೆಯೊಂದನ್ನು ಕಟ್ಟಿ, ಅದರೊಳಗೆ ಯಂತ್ರ ಎಸೆಯುವ ಮೃದು ಚೆಂಡನ್ನು ಬ್ಯಾಟಿನಿಂದ ಹೊಡೆಯಲು ಬಿಡುತ್ತಾರೆ. ಚೆಂಡು ತಾಗಿದ ಸಾಮಾನು ಅಲ್ಲಾಡುತ್ತದೆ, ಸದ್ದು ಮಾಡುತ್ತದೆ. ಮನೆಯೊಳಗೆ ಚೆಂಡು ಹೊಡೆಯಲು ಎಂದೂ ಅಪ್ಪಣೆ ಸಿಗದ ನಮ್ಮ ಮಗಳಿಗೆ ಅಲ್ಲಿ ಸಿಕ್ಕ ಸಂತೋಷವನ್ನು ಬರೆದು ತಿಳಿಸಲಾರೆ. 1980ರ ಗೇಮ್ ಅಂಡ್ ವಾಚ್ ಎಂಬ ಪುಟ್ಟ ಕೈ ಆಟಗಳ ಇಲ್ಲಿನ ದೊಡ್ಡ ರೂಪದಲ್ಲಿ ಪರದೆಯ ಮೇಲೆ ನಮ್ಮ ನೆರಳೇ ಪಾತ್ರವಾಗುತ್ತದೆ. ಕೈ ಎತ್ತಿದರೆ ನೆರಳು ಚೆಂಡನ್ನು ಹಿಡಿಯುತ್ತದೆ.

ನಾನು ಇಷ್ಟು ಬರೆಯಲು ಕಾರಣ ಹನಾಫುದಾ ಕೋಣೆ. ಅದಕ್ಕೆ ಬೇರೆ ಶುಲ್ಕ. ಹನಾಫುದಾದಲ್ಲಿ 48 ಎಲೆಗಳು, ತಿಂಗಳಿಗೆ ನಾಲ್ಕರಂತೆ ಹನ್ನೆರಡು ತಿಂಗಳು. ಜನವರಿಗೆ ಪೈನ್ ಮರ, ಮಾರ್ಚ್‌ಗೆ ಚೆರಿ ಹೂವು, ಆಗಸ್ಟ್‌ಗೆ ಹುಲ್ಲುಗಾವಲಿನ ಮೇಲೆ ಚಂದ್ರ, ಸೆಪ್ಟೆಂಬರ್‌ಗೆ ಸೇವಂತಿಗೆ. ಒಂದೇ ತಿಂಗಳ ಎಲೆಗಳನ್ನು ಜೋಡಿ ಮಾಡಿ ಗೆಲ್ಲುವುದು ಸರಳ ಆಟ. ಹಾಸಿನ ಮೇಲೆ ಎಲೆ ಇಟ್ಟರೆ ಮೇಲಿನ ಕ್ಯಾಮೆರಾ ಗುರುತಿಸುತ್ತದೆ, ಬೆಳಕು ಬಂದು ಯಾವುದಕ್ಕೆ ಯಾವುದು ಜೋಡಿ ಎಂದು ತೋರಿಸುತ್ತದೆ. ಅತ್ತೆಗೆ ಜಪಾನಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರು ಯಾರನ್ನೂ ಏನೂ ಕೇಳದೆ ಆಟ ಕಲಿತರು, ಎರಡನೆಯ ಸುತ್ತಿನಲ್ಲಿ ಯಜಮಾನರನ್ನು ಸೋಲಿಸಿದರು. ತಂತ್ರಜ್ಞಾನ ಇಲ್ಲಿ ಮುಂದೆ ಬಂದು ನಿಲ್ಲಲಿಲ್ಲ. ಹಳೆಯ ಕಾಗದದ ಎಲೆಯನ್ನು ಹೊಸಬರ ಕೈಗೆ ದಾಟಿಸಿ ಹಿಂದೆ ಸರಿಯಿತು. ಪರಸ್ಪರ ಸಂವಾದದ ಮ್ಯೂಸಿಯಂ ಎಂದು ಹೆಸರಿಟ್ಟುಕೊಂಡ ಎಷ್ಟೋ ಕಡೆ ನಾನು ಗುಂಡಿ ಒತ್ತಿ ವಿಡಿಯೊ ನೋಡಿ ಬಂದಿದ್ದೇನೆ. ಇದು ಹಾಗಿರಲಿಲ್ಲ.

ಚಿಂತಾಮಣಿ ಪ್ರವಾಸಿ

ಬಹಳ ಉಪಯೋಗವಾಯಿತು ಮೇಡಂ. ನಾವು ಚೆರಿ ಹೂವಿನ ಕಾಲಕ್ಕೆ ತಂದೆ ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬರುತ್ತಿದ್ದೇವೆ. ಮೂರು ಸಂದೇಹ. ಟಿಕೆಟ್ ಲಾಟರಿಗೆ ಭಾರತದಿಂದಲೇ ಹೆಸರು ಕೊಡಬಹುದೇ? ಮಕ್ಕಳಿಗೆ ಎಷ್ಟು? ನಮ್ಮ ತಂದೆಯವರು ಕಟ್ಟುನಿಟ್ಟಿನ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಆ ಕಡೆ ಊಟಕ್ಕೆ ಏನು ದಾರಿ?

ಒಸಾಕಾ ಸೊಸೆ

ಭಾರತದಿಂದಲೇ ಕೊಡಬಹುದು. ಮೊದಲು ನಿಂಟೆಂಡೊ ಖಾತೆಯೊಂದನ್ನು ತೆರೆಯಿರಿ, ಶುಲ್ಕವಿಲ್ಲ. ನೀವು ಹೋಗುವ ತಿಂಗಳಿಗೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬೇಕು. ಏಪ್ರಿಲ್‌ನಲ್ಲಿ ಹೋಗುವುದಾದರೆ ಜನವರಿಯೆಲ್ಲ ಅರ್ಜಿ ತೆಗೆದುಕೊಳ್ಳುತ್ತಾರೆ, ಫೆಬ್ರವರಿ ಮೊದಲಲ್ಲಿ ಫಲಿತಾಂಶ ತಿಳಿಯುತ್ತದೆ. ಲಾಟರಿಯಲ್ಲಿ ಬಾರದಿದ್ದರೂ ಕೈಬಿಡಬೇಡಿ. ಉಳಿದ ಟಿಕೆಟ್ಟುಗಳನ್ನು ಆಮೇಲೆ ಮೊದಲು ಬಂದವರಿಗೆ ಮಾರುತ್ತಾರೆ, ಬೆಳಿಗ್ಗೆ ಎದ್ದು ಒಮ್ಮೆ ಪುಟ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ದೊಡ್ಡವರಿಗೆ 3,300 ಯೆನ್, 12ರಿಂದ 17 ವರ್ಷದವರಿಗೆ 2,200, 6ರಿಂದ 11ರವರಿಗೆ 1,100, ಅದಕ್ಕಿಂತ ಚಿಕ್ಕವರಿಗೆ ಉಚಿತ. ಪ್ರವೇಶದಲ್ಲಿ ಗುರುತು ನೋಡುತ್ತಾರೆ, ಆದ್ದರಿಂದ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಮಂಗಳವಾರ ರಜೆ.

ಕ್ಯೋಟೋ ನಿಲ್ದಾಣದಿಂದ ಕಿಂತೆತ್ಸು ರೈಲು ಹಿಡಿದು ಒಗುರಾದಲ್ಲಿ ಇಳಿದರೆ ಐದು ನಿಮಿಷದ ನಡಿಗೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಹತ್ತುವ ಮುಂಚೆ ಫಲಕ ನೋಡಿ. ಜೆಆರ್ ನಾರಾ ಮಾರ್ಗದಲ್ಲೂ ಒಗುರಾ ನಿಲ್ದಾಣವಿದೆ, ಅಲ್ಲಿಂದ ಸ್ವಲ್ಪ ಹೆಚ್ಚು ನಡೆಯಬೇಕು.

ಊಟದ ವಿಷಯ ಗಂಭೀರವಾದದ್ದು. ಜಪಾನಿನಲ್ಲಿ ತರಕಾರಿಯೇ ಕಂಡರೂ ಸಾರಿನ ತಳದಲ್ಲಿ ಮೀನು ಕುದಿಸಿ ತೆಗೆದ ದಾಶಿ ಎಂಬ ರಸ ಇರುತ್ತದೆ. ಸಿಹಿಯಾಗಿ ಬೇಯಿಸಿದ ತೋಫು ಹಾಳೆಯೊಳಗೆ ಅನ್ನ ತುಂಬಿದ ಇನಾರಿಯನ್ನೂ ಹೆಚ್ಚಾಗಿ ಅದರಲ್ಲೇ ಕುದಿಸಿರುತ್ತಾರೆ. ಕ್ಯೋಟೋದ ದೇವಾಲಯಗಳ ಪರಂಪರೆಯ ಶೋಜಿನ್ ಊಟದಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಇರುವುದಿಲ್ಲ; ನಿಮ್ಮ ತಂದೆಯವರಿಗೆ ಒಂದು ದಿನ ಅದನ್ನು ಖಂಡಿತ ಉಣಿಸಿ. ಮ್ಯೂಸಿಯಂ ದಿನಕ್ಕೆ ನಾವು ಕಟ್ಟಿಕೊಂಡು ಹೋಗಿದ್ದು ಚಪಾತಿ, ನಿಂಬೆಹಣ್ಣಿನ ಚಿತ್ರಾನ್ನ. ಒಳಗೆ ಹೋಗುವ ಮುಂಚೆ ಊಟ ಮುಗಿಸಿ. ಮಧ್ಯಾಹ್ನದ ಮೇಲೆ ಉಜಿಯ ಬ್ಯೋದೊಇನ್‌ಗೆ ಹೋಗಿ. ಹತ್ತು ಯೆನ್ ನಾಣ್ಯದ ಮೇಲಿರುವ, 1053ರಲ್ಲಿ ಕಟ್ಟಿದ ಆ ಮಂದಿರವನ್ನು ನೋಡಿ, ಅಲ್ಲಿನ ಬೀದಿಯಲ್ಲೇ ಹಸಿರು ಚಹಾ ಕುಡಿಯಿರಿ.

ದಾವಣಗೆರೆ ಎಂಜಿನಿಯರ್

ಅಕ್ಕ, ನೀವು ಬಂದೂಕಿನ ಆಟವನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ನನಗೆ ಇಡೀ ಮ್ಯೂಸಿಯಂನ ಜೀವ ಅಲ್ಲಿದೆ.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಗಳು ಬರುತ್ತಿದ್ದವು. ಹಳದಿ ಕ್ಯಾಸೆಟ್, ಎರಡು ಗುಂಡಿಯ ಕಂಟ್ರೋಲರ್, ಜೊತೆಗೊಂದು ಪ್ಲಾಸ್ಟಿಕ್ ಪಿಸ್ತೂಲು. ಅವೆಲ್ಲ ಫ್ಯಾಮಿಕಾಮ್‌ನ ನಕಲುಗಳು ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೂಲ ಯಂತ್ರ ಕೈಗೆ ಸಿಗದಿದ್ದರೂ ನಮ್ಮ ಪೀಳಿಗೆಯ ಸಾವಿರಾರು ಮಕ್ಕಳು ಆ ನಕಲುಗಳಲ್ಲೇ ಬೆಳೆದರು. ಕೆಂಪು ಬಿಳಿ ಬಣ್ಣದ ಮೂಲ ಫ್ಯಾಮಿಕಾಮ್ ಎದುರು ನಿಂತಾಗ ನನಗೆ ಗಂಟಲು ಕಟ್ಟಿತು. ಅದರ ಎರಡನೆಯ ಕಂಟ್ರೋಲರ್‌ನಲ್ಲಿ ಪುಟ್ಟ ಮೈಕ್ ಇದೆ, ನೋಡಿದಿರಾ?

ಪಿಸ್ತೂಲಿನಿಂದ ಬಾತುಕೋಳಿ ಹೊಡೆಯುತ್ತಿದ್ದೆವಲ್ಲ, ಟಿವಿಗೆ ಅದು ಹೇಗೆ ತಿಳಿಯುತ್ತಿತ್ತು ಎಂಬುದು ಅನೇಕರಿಗೆ ಈಗಲೂ ಸೋಜಿಗ. ಪಿಸ್ತೂಲಿನಿಂದ ಏನೂ ಹೊರಡುವುದಿಲ್ಲ. ಕೀಲು ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಸೆಕೆಂಡಿನ ಅರುವತ್ತನೇ ಒಂದು ಭಾಗದಷ್ಟು ಹೊತ್ತು. ಕಣ್ಣಿಗೆ ಅದು ಬರೀ ಮಿಂಚು. ನಳಿಗೆಯೊಳಗಿನ ಬೆಳಕು ಗ್ರಾಹಕಕ್ಕೆ ಕಪ್ಪಿನ ನಂತರ ಬಿಳುಪು ಕಂಡರೆ ಗುರಿ ಸರಿ. ಹಕ್ಕಿ ಎರಡಿದ್ದರೆ ಚೌಕಗಳು ಒಂದರ ಹಿಂದೆ ಒಂದು ಮೂಡುತ್ತವೆ, ಯಾವುದು ಕಂಡಿತು ಎಂಬುದು ಸಮಯದಿಂದಲೇ ಗೊತ್ತಾಗುತ್ತದೆ. ಈ ಲೆಕ್ಕವೆಲ್ಲ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ವೇಗಕ್ಕೆ ಹೊಂದಿಸಿದ್ದು. ಇಂದಿನ ಚಪ್ಪಟೆ ಟಿವಿ ಚಿತ್ರವನ್ನು ಸ್ವಲ್ಪ ತಡಮಾಡಿ ತೋರಿಸುವುದರಿಂದ ಹಳೆಯ ಪಿಸ್ತೂಲು ಅದರಲ್ಲಿ ಕೆಲಸ ಮಾಡುವುದಿಲ್ಲ.

ಇದಕ್ಕಿಂತ ಹಿಂದಿನದು ಇನ್ನೂ ಚೆನ್ನ. 1970ರಲ್ಲಿ ಇದೇ ಕಂಪನಿ ಬೆಳಕಿನ ಬಂದೂಕಿನ ಆಟಿಕೆ ಮಾಡಿತ್ತು. ಅದರಲ್ಲಿ ಬಂದೂಕು ಬೆಳಕು ಬಿಡುತ್ತಿತ್ತು, ಗುರಿಯೊಳಗೆ ಸೌರಕೋಶ ಕೂತಿತ್ತು. ಶಾರ್ಪ್ ಕಂಪನಿಯಿಂದ ಸೌರಕೋಶ ಮಾರಲು ಬಂದ ಮಸಾಯುಕಿ ಉಎಮುರಾ ಮತ್ತು ನಿಂಟೆಂಡೊದ ಗುನ್‌ಪೆಯ್ ಯೊಕೊಯ್ ಸೇರಿ ಮಾಡಿದ್ದು. ಉಎಮುರಾ ಮುಂದೆ ನಿಂಟೆಂಡೊ ಸೇರಿ ಫ್ಯಾಮಿಕಾಮ್ ರೂಪಿಸಿದರು. 1973ರಲ್ಲಿ ಖಾಲಿ ಬಿದ್ದ ಬೌಲಿಂಗ್ ಅಂಗಣಗಳನ್ನು ಬೆಳಕಿನ ಗುರಿಕಾರಿಕೆಯ ಮಂದಿರಗಳಾಗಿ ಮಾಡಲು ಹೊರಟರು. ಅದೇ ವರ್ಷ ತೈಲ ಬಿಕ್ಕಟ್ಟು ಬಂದು ಕಂಪನಿ ಸಾಲದಲ್ಲಿ ಮುಳುಗಿತು. ಬಂದೂಕು ಬೆಳಕು ಬಿಡುತ್ತಿದ್ದ ಕಾಲದಿಂದ ಬಂದೂಕೇ ಬೆಳಕು ನೋಡುವ ಕಾಲಕ್ಕೆ ಬಂದದ್ದು ಎಷ್ಟು ದೊಡ್ಡ ತಿರುವು ಎಂದು ಯೋಚಿಸಿ. ಈಗ ಆ ಕೋಣೆಯಲ್ಲಿ ಎಷ್ಟೋ ಜನ ಒಂದೇ ಪರದೆಗೆ ಗುರಿಯಿಡುತ್ತಾರೆ, ಪ್ರತಿಯೊಬ್ಬರ ಅಂಕ ಬೇರೆ ಬೇರೆಯಾಗಿ ಬರುತ್ತದೆ.

ಯೊಕೊಯ್ ಬಗ್ಗೆ ಒಂದು ಮಾತು. ಅವರು 1965ರಲ್ಲಿ ಸೇರಿದ್ದು ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳಲು. ಬಿಡುವಿನಲ್ಲಿ ತಮ್ಮ ಖುಷಿಗೆ ಮಾಡಿಕೊಂಡಿದ್ದ, ಅಡ್ಡಪಟ್ಟಿಗಳು ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಕೈ ಅಧ್ಯಕ್ಷರ ಕಣ್ಣಿಗೆ ಬಿತ್ತು. ಅದೇ 1966ರ ಅಲ್ಟ್ರಾ ಹ್ಯಾಂಡ್, ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು. ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಯಾರೂ ನೆನೆಸದ ಕಡೆ ಬಳಸು ಎಂಬುದು ಅವರ ನಿಲುವು. ಕ್ಯಾಲ್ಕುಲೇಟರ್ ಪೈಪೋಟಿಯಿಂದ ಅಗ್ಗವಾಗಿದ್ದ ಎಲ್‌ಸಿಡಿ ಪರದೆಯೇ ಗೇಮ್ ಅಂಡ್ ವಾಚ್ ಆಯಿತು. ಮ್ಯೂಸಿಯಂನಲ್ಲಿ ಆ ಕೈಯನ್ನು ಹಿಡಿದು ಉರುಳಿ ಬರುವ ಚೆಂಡುಗಳನ್ನು ಎತ್ತುವಾಗ ನನಗೆ ಇದೆಲ್ಲ ಬೆರಳಿನಲ್ಲೇ ಅರ್ಥವಾಯಿತು.

ಧಾರವಾಡ ಮೇಷ್ಟ್ರು

ನಾನು ಅಲ್ಲಿಗೆ ಹೋದವನಲ್ಲ. ನೀವಿಬ್ಬರೂ ಬರೆದದ್ದನ್ನು ಓದಿ ಕೇಳುತ್ತಿದ್ದೇನೆ. ಎಂಜಿನಿಯರ್ ಅವರು ಬರೆದ ಸಂಗತಿಗಳೆಲ್ಲ ಅಲ್ಲಿನ ಗೋಡೆಯ ಮೇಲಿವೆಯೇ? ವಸ್ತುಗಳ ಪಕ್ಕ ವಿವರಣೆ ಬಹಳ ಕಡಿಮೆ ಎಂದು ಬೇರೆ ಕಡೆಯೂ ಓದಿದ್ದೇನೆ. ಹಾಗಿದ್ದರೆ ಮೊದಲೇ ತಿಳಿದವರಿಗೆ ಮಾತ್ರ ಅದು ಮಾತಾಡುತ್ತದೆ. 1995ರ ವರ್ಚುವಲ್ ಬಾಯ್ ಎಂಬ ಆಟದ ಯಂತ್ರ ಸೋತದ್ದೇಕೆ? ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕಾದ, ಕೆಂಪೊಂದೇ ಬಣ್ಣದ ಆ ಪರದೆಯನ್ನು ಜನ ಏಕೆ ಒಪ್ಪಲಿಲ್ಲ? ಹುಡುಗನೊಬ್ಬನಿಗೆ ಅಲ್ಲಿ ನಿಂತು ಇದನ್ನು ತಿಳಿಯುವ ದಾರಿ ಬೇಡವೇ? ಸೋಲನ್ನು ಗಾಜಿನೊಳಗೆ ಇಟ್ಟರೆ ಸಾಲದು, ಕಾರಣ ಹೇಳಿದಾಗಲೇ ಅದು ಪಾಠ.

ಇನ್ನೊಂದು ವಿಚಾರ. ಕಂಪನಿ ತನ್ನ ಚರಿತ್ರೆಯನ್ನು ತಾನೇ ಹೇಳುವಾಗ ಅದು ಎಷ್ಟು ಚೆನ್ನಾಗಿದ್ದರೂ ಜಾಹೀರಾತಿನ ಅಂಶ ಇದ್ದೇ ಇರುತ್ತದೆ. ಹೊರಗೆ ಬರುವ ಬಾಗಿಲಲ್ಲಿ ಅಂಗಡಿ ಇರುವ ಮ್ಯೂಸಿಯಂ ಅದು. ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು ಎಂದು ಶಿಕ್ಷಕನಾಗಿ ನನ್ನ ಕೋರಿಕೆ.

ಒಸಾಕಾ ಸೊಸೆ

ವಿವರಣೆ ಕಡಿಮೆ ಎಂಬುದು ನಿಜ ಸರ್. ಅದು ಬೇಕೆಂದೇ ಮಾಡಿದ ಆಯ್ಕೆಯೆಂದು ನೋಡಿದರೆ ಗೊತ್ತಾಗುತ್ತದೆ. ಆದರೆ ಅದರ ಒಂದು ಫಲವನ್ನು ನಾನು ಕಣ್ಣಾರೆ ಕಂಡೆ. ಫಲಕ ಇಲ್ಲದ ಕಾರಣ ಜನ ಒಬ್ಬರಿಗೊಬ್ಬರು ಹೇಳತೊಡಗುತ್ತಾರೆ. ಅಜ್ಜನೊಬ್ಬರು ಮೊಮ್ಮಗನಿಗೆ ಲವ್ ಟೆಸ್ಟರ್ ತೋರಿಸುತ್ತಿದ್ದರು. 1969ರ ಆಟಿಕೆ, ಇಬ್ಬರು ಕೈ ಹಿಡಿದು ಇನ್ನೊಂದು ಕೈಯಲ್ಲಿ ಲೋಹದ ಹಿಡಿಕೆ ಹಿಡಿದರೆ ಮುಳ್ಳು ಏರುತ್ತದೆ. ಚರ್ಮದ ಬೆವರಿನಿಂದ ಹರಿಯುವ ಅಲ್ಪ ವಿದ್ಯುತ್ತನ್ನು ಅಳೆಯುವ ಮೀಟರ್ ಅದು. ಆ ಕಾಲದಲ್ಲಿ ಹುಡುಗ ಹುಡುಗಿ ಕೈ ಹಿಡಿಯಲು ಒಂದು ನೆಪ ಬೇಕಿತ್ತು ಎಂದು ಅಜ್ಜ ವಿವರಿಸಿದರು. ಯಾವ ಫಲಕವೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಅಜ್ಜ ಜೊತೆಗಿಲ್ಲದ ಮಕ್ಕಳಿಗೆ ಏನು ಎಂದು ನೀವು ಕೇಳುತ್ತೀರಿ, ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಜಾಹೀರಾತಿನ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಜಾಹೀರಾತಾಗಿದ್ದರೆ ಶಿಗುರೆದೆನ್ ಎಂಬ ಆಟಕ್ಕೆ ಅಷ್ಟು ದೊಡ್ಡ ನೆಲ ಬಿಡುತ್ತಿರಲಿಲ್ಲ. ಅದರಲ್ಲಿ ಮಾರಿಯೊ ಇಲ್ಲ, ಇರುವುದು ನೂರು ಪದ್ಯಗಳು. ಹದಿಮೂರನೆಯ ಶತಮಾನದಲ್ಲಿ ಕವಿ ಫುಜಿವಾರಾ ನೊ ತೇಯ್ಕಾ ನೂರು ಕವಿಗಳಿಂದ ಒಂದೊಂದು ಪದ್ಯ ಆರಿಸಿದ ಸಂಗ್ರಹ ಹ್ಯಾಕುನಿನ್ ಇಶ್ಶು. ಆ ಪದ್ಯಗಳನ್ನು ಎಲೆಗಳ ಮೇಲೆ ಬರೆದು ಆಡುವುದು ಕರುತಾ. ಒಬ್ಬರು ಪದ್ಯದ ಮೊದಲರ್ಧ ಓದುತ್ತಾರೆ, ಆಡುವವರು ನೆಲದಲ್ಲಿ ಹರಡಿದ ಎಲೆಗಳಲ್ಲಿ ಉತ್ತರಾರ್ಧವನ್ನು ಹುಡುಕಿ ಮೊದಲು ಮುಟ್ಟಬೇಕು. ಮ್ಯೂಸಿಯಂನಲ್ಲಿ ನೆಲವೇ ಪರದೆ. ಕೈಯಲ್ಲೊಂದು ಮೊಬೈಲಿನಂಥ ಸಾಧನ ಹಿಡಿದು ಕಾಲ ಕೆಳಗಿನ ಎಲೆಗಳ ನಡುವೆ ಓಡಾಡಿ ಹುಡುಕುತ್ತೇವೆ. ಇದು ಹೊಸ ಕಲ್ಪನೆಯೂ ಅಲ್ಲ. ಕಂಪನಿಯ ಮೂರನೆಯ ಅಧ್ಯಕ್ಷ ಹಿರೋಶಿ ಯಮೌಚಿ ತಮ್ಮ ಹಣದಿಂದ ಕ್ಯೋಟೋದ ಅರಾಶಿಯಾಮಾದಲ್ಲಿ 2006ರಲ್ಲಿ ಈ ಪದ್ಯಗಳಿಗಾಗಿಯೇ ಶಿಗುರೆದೆನ್ ಎಂಬ ಇದೇ ಹೆಸರಿನ ಮ್ಯೂಸಿಯಂ ಕಟ್ಟಿಸಿದ್ದರು.

ಗಂಜೀಫಾ ಪ್ರೇಮಿ, ಮೈಸೂರು

ಅತ್ತೆಯವರು ಶ್ರೀರಂಗಪಟ್ಟಣದವರು ಎಂದು ಓದಿ ಖುಷಿಯಾಯಿತು. ಎಲೆಯಾಟದ ಪರಂಪರೆಯಲ್ಲಿ ನಮ್ಮ ಮೈಸೂರು ಸೀಮೆ ಯಾರಿಗೂ ಕಡಿಮೆಯಲ್ಲ. ಗಂಜೀಫಾ ದುಂಡನೆಯ ಎಲೆಗಳು, ಒಂದೊಂದರ ಮೇಲೂ ಕೈಯಿಂದ ಬರೆದ ಚಿತ್ರ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು. ಹಗಲಲ್ಲಿ ಆಡಿದರೆ ರಾಮನ ಎಲೆಗಳಲ್ಲಿ ರಾಜನಿರುವವರು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನದು. ಐದು ಅವತಾರಗಳ ಎಲೆಗಳಲ್ಲಿ ಸಂಖ್ಯೆಯ ಮೇಲುಕೀಳು ತಿರುವುಮುರುವು, ಒಂದಕ್ಕೆ ಹತ್ತಕ್ಕಿಂತ ಬೆಲೆ ಹೆಚ್ಚು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಛಾಡ್ ಎಂಬ ಹೊಸ ಆಟಗಳನ್ನು ರೂಪಿಸಿದರು, 360 ಎಲೆಗಳವರೆಗಿನವು. ಅವರ ಗ್ರಂಥ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ. ಗಂಜೀಫಾ ರಘುಪತಿ ಭಟ್ಟರು ಈ ಚಿತ್ರಕಲೆಗೆ ಮತ್ತೆ ಉಸಿರು ತುಂಬಿದರು.

ಆದರೆ ನನ್ನ ಸಂಕಟ ಬೇರೆ. ಇವತ್ತು ಗಂಜೀಫಾ ಎಂದರೆ ಚೌಕಟ್ಟಿನಲ್ಲಿ ಕಟ್ಟಿಸಿ ಗೋಡೆಗೆ ತೂಗುಹಾಕುವ ಚಿತ್ರ. ಕಲೆ ಉಳಿಯಿತು, ಆಟ ಉಳಿಯಲಿಲ್ಲ. ಮೈಸೂರಿನಲ್ಲೇ ನಾಲ್ವರನ್ನು ಕೂಡಿಸಿ ಒಂದು ಪೂರ್ತಿ ಆಟ ಆಡಿಸುವುದು ಕಷ್ಟ. 120 ಎಲೆಗಳನ್ನು ಕೈಯಲ್ಲಿ ಹಿಡಿದು ಯಾವ ರಂಗಿನಲ್ಲಿ ಏನು ಮೇಲು ಎಂದು ನೆನಪಿಡಲು ಹೊಸಬರಿಗೆ ಬೆಟ್ಟದಷ್ಟು ಕಷ್ಟ. ಅದಕ್ಕೇ ಹನಾಫುದಾ ಕೋಣೆಯ ಆ ಬೆಳಕಿನ ಹಾಸು ನನಗೆ ಬಹಳ ಹಿಡಿಸಿತು. ಎಲೆ ಇಟ್ಟ ಕೂಡಲೇ ಯಾವುದು ಗೆದ್ದಿತು, ಏಕೆ ಗೆದ್ದಿತು ಎಂದು ತೋರಿಸುವ ಒಂದು ಹಾಸು, ಮೇಲೊಂದು ಕ್ಯಾಮೆರಾ, ಒಂದು ಪ್ರೊಜೆಕ್ಟರ್. ಬೆಂಗಳೂರಿನಲ್ಲಿ ಇದನ್ನು ಮಾಡಬಲ್ಲ ಹುಡುಗರು ಎಷ್ಟು ಜನ ಇಲ್ಲ! ಎಂಜಿನಿಯರ್ ಅವರೇ, ನೀವು ಏನು ಹೇಳುತ್ತೀರಿ?

ದಾವಣಗೆರೆ ಎಂಜಿನಿಯರ್

ಮಾಡಬಹುದು ಸರ್, ಖಂಡಿತ ಮಾಡಬಹುದು. ದುಂಡನೆಯ ಎಲೆಯಾದ್ದರಿಂದ ಒಂದು ತೊಡಕಿದೆ: ಯಾವ ಕೋನದಲ್ಲಿ ಇಟ್ಟರೂ ಗುರುತಿಸುವಂತೆ ತಂತ್ರಾಂಶಕ್ಕೆ ಕಲಿಸಬೇಕು. ಕೈಬರಹದ ಚಿತ್ರಗಳಲ್ಲಿ ಎರಡು ಜೊತೆ ಎಲೆಗಳು ಒಂದೇ ತರಹ ಇರುವುದಿಲ್ಲ, ಹಾಗಾಗಿ ಒಂದು ನಿರ್ದಿಷ್ಟ ಜೊತೆಯ 120 ಎಲೆಗಳನ್ನೂ ಬೇರೆ ಬೇರೆ ಬೆಳಕಿನಲ್ಲಿ ಫೋಟೊ ತೆಗೆದುಕೊಂಡು ಶುರು ಮಾಡುವುದು ಒಳ್ಳೆಯದು. ಕ್ಯಾಮೆರಾಗೆ ಕಾಣುವಂತೆ ಎಲೆಯ ಮುಖದ ಅಂಚಿಗೆ ಸಂಕೇತ ಮುದ್ರಿಸಿದರೆ ಕೆಲಸ ಸುಲಭ, ಆದರೆ ಕಲಾವಿದರ ಎಲೆಯ ಮೇಲೆ ಅಂಥದ್ದು ಅಂಟಿಸಲು ನನಗೆ ಮನಸ್ಸಿಲ್ಲ. ನಿಯಮಗಳನ್ನು ಮಾತ್ರ ನೀವು ಅಚ್ಚುಕಟ್ಟಾಗಿ ಬರೆದು ಕೊಡಬೇಕು. ಹಗಲು ರಾತ್ರಿಯ ನಿಯಮ ಅದ್ಭುತವಾಗಿದೆ, ಗಡಿಯಾರ ನೋಡಿ ಹಾಸು ತಾನೇ ರಾಮನನ್ನೋ ಕೃಷ್ಣನನ್ನೋ ಬೆಳಗಿಸಬಹುದು.

ನೇಕಾರರ ಮನೆ

ಚಿಂತಾಮಣಿಯವರಿಗೆ ಒಂದು ಮಾತು. ಲಾಟರಿಯಲ್ಲಿ ಬಾರದಿದ್ದರೆ ಬೇಸರ ಬೇಡ, ನಾಗೋಯಾದಲ್ಲಿ ಇಳಿದು ಟೊಯೋಟಾದ ಕೈಗಾರಿಕೆ ಮತ್ತು ತಂತ್ರಜ್ಞಾನ ಸ್ಮಾರಕ ಮ್ಯೂಸಿಯಂ ನೋಡಿ. 1994ರಲ್ಲಿ ತೆರೆದದ್ದು, ಲಾಟರಿಯ ಗೋಜಿಲ್ಲ. ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾದ ಬೇರು ಮಗ್ಗದಲ್ಲಿದೆ ಎಂದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಅಲ್ಲಿ ಕೈಯಿಂದ ಹತ್ತಿ ನೂಲುವುದರಿಂದ ಶುರುವಾಗಿ ಒಂದೊಂದು ಯಂತ್ರವನ್ನೂ ಸಿಬ್ಬಂದಿ ನಮ್ಮೆದುರೇ ಓಡಿಸಿ ತೋರಿಸುತ್ತಾರೆ. ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಸ್ವಯಂಚಾಲಿತ ಮಗ್ಗದ ಮುಂದೆ ನಮ್ಮ ತಂದೆ ಬಹಳ ಹೊತ್ತು ನಿಂತರು. ಓಡುತ್ತಿರುವಾಗಲೇ ಲಾಳಿ ಬದಲಾಗುತ್ತದೆ, ವೇಗ ಕಡಿಮೆಯಾಗುವುದಿಲ್ಲ. ಹಾಸಿನ ಒಂದೇ ಒಂದು ಎಳೆ ತುಂಡಾದರೂ ಮಗ್ಗ ತಾನಾಗಿ ನಿಲ್ಲುತ್ತದೆ. ಎಳೆ ಹೋದದ್ದು ಗೊತ್ತಾಗದೆ ಗಜಗಟ್ಟಲೆ ಬಟ್ಟೆ ಹಾಳಾಗುವ ನೋವು ನೇಕಾರನಿಗೇ ಗೊತ್ತು. ದೋಷ ಕಂಡೊಡನೆ ಕೆಲಸ ನಿಲ್ಲಿಸಬೇಕೆಂಬ ಆ ಕ್ರಮವನ್ನೇ ಟೊಯೋಟಾದವರು ಮುಂದೆ ಕಾರು ಕಾರ್ಖಾನೆಗೂ ತಂದರು. ಮೇಷ್ಟ್ರು ಕೇಳಿದ ಹಾಗೆ ಕಾರಣ, ವಿವರ ಎಲ್ಲ ಅಲ್ಲಿ ಸಿಗುತ್ತದೆ, ಕೇಳಿದರೆ ಮತ್ತೊಮ್ಮೆ ಓಡಿಸಿ ತೋರಿಸುತ್ತಾರೆ. ಅದೂ ಕಂಪನಿಯೇ ಕಟ್ಟಿದ ಮ್ಯೂಸಿಯಂ. ಹಾಗಾಗಿ ಯಾರು ಕಟ್ಟಿದರು ಎಂಬುದಕ್ಕಿಂತ ಹೇಗೆ ಹೇಳುತ್ತಾರೆ ಎಂಬುದನ್ನು ನೋಡಬೇಕು ಎನ್ನುವುದು ನನ್ನ ಅನುಭವ.

ಚಿಂತಾಮಣಿ ಪ್ರವಾಸಿ

ಎಲ್ಲರಿಗೂ ಕೃತಜ್ಞತೆಗಳು. ಉಜಿಗೆ ಲಾಟರಿ ಹಾಕುತ್ತೇವೆ, ನಾಗೋಯಾವನ್ನು ಹೇಗೂ ಸೇರಿಸಿಕೊಂಡೆವು. ನಮ್ಮ ತಾಯಿ ರೇಷ್ಮೆ ನೂಲು ತೆಗೆಯುವ ಮನೆಯಿಂದ ಬಂದವರು, ಅವರಿಗೆ ಆ ಮಗ್ಗಗಳನ್ನು ತೋರಿಸಲೇಬೇಕು.

ಧಾರವಾಡ ಮೇಷ್ಟ್ರು

ನೇಕಾರರ ಮನೆಯವರ ಮಾತು ನನಗೆ ಒಪ್ಪಿಗೆ. ನನ್ನ ಮನಸ್ಸು ಮಾತ್ರ ನಿನ್ನೆಯಿಂದ ಕರುತಾದಲ್ಲೇ ಸುತ್ತುತ್ತಿದೆ.

ನಮ್ಮ ಭಾಮಿನಿ ಷಟ್ಪದಿಯನ್ನು ನೋಡಿ. ಆರು ಸಾಲು, ಮೂರು ಮೂರಾಗಿ ಎರಡು ಸಮಪಾಲು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸ. ಎಂದರೆ ಓದುವವರು ಮೊದಲ ಸಾಲು ಶುರು ಮಾಡಿದ ಕೂಡಲೇ ಪ್ರಾಸಾಕ್ಷರ ತಿಳಿಯುತ್ತದೆ, ಆಡುವ ಹುಡುಗರು ನೆಲದ ಎಲೆಗಳಲ್ಲಿ ಅದೇ ಪ್ರಾಸದ ಉತ್ತರಾರ್ಧವನ್ನು ಹುಡುಕಿದರಾಯಿತು. ಒಂದೇ ಪ್ರಾಸದ ಎರಡು ಮೂರು ಪದ್ಯಗಳಿದ್ದರೆ ಅಲ್ಲಿ ಪದ್ಯ ಬಾಯಿಪಾಠ ಬಂದವರು ಗೆಲ್ಲುತ್ತಾರೆ. ಕುಮಾರವ್ಯಾಸನಲ್ಲಿ ಇದಕ್ಕೆ ಬೇಕಾದಷ್ಟು ಪದ್ಯಗಳಿವೆ. ಎಂಟನೆಯ ತರಗತಿಯ ಮಕ್ಕಳಿಗೆ ಪ್ರಾಸವನ್ನು ಕಪ್ಪುಹಲಗೆಯ ಮೇಲೆ ಅಡ್ಡಗೆರೆ ಎಳೆದು ಕಲಿಸುತ್ತಾ ಬಂದಿದ್ದೇನೆ. ಇದರಲ್ಲಿ ಅವರ ಕಿವಿಯೇ ಕಲಿಯುತ್ತದೆ. ಪರದೆ, ಕ್ಯಾಮೆರಾ ಯಾವುದೂ ಬೇಡ, ರಟ್ಟು ಸಾಕು.

ಒಸಾಕಾದವರೇ, ಕರುತಾ ಎಲೆಯ ಅಳತೆ ಎಷ್ಟು? ನೆಲದ ಎಲೆಯ ಮೇಲೆ ಪೂರ್ತಿ ಪದ್ಯ ಬರೆಯುತ್ತಾರೆಯೇ, ಉತ್ತರಾರ್ಧ ಮಾತ್ರವೇ? ಒಮ್ಮೆಗೆ ಎಷ್ಟು ಎಲೆ ಹರಡುತ್ತಾರೆ?

ಒಸಾಕಾ ಸೊಸೆ

ಸರ್, ಮಗಳ ಶಾಲೆಯಲ್ಲಿ ಹೊಸ ವರ್ಷದ ಹೊತ್ತಿಗೆ ಆಡಿಸುತ್ತಾರೆ, ಮನೆಯಲ್ಲೇ ಒಂದು ಜೊತೆ ಇದೆ. ಎಲೆ ಸುಮಾರು ಏಳೂವರೆ ಸೆಂಟಿಮೀಟರ್ ಉದ್ದ, ಐದೂಕಾಲು ಅಗಲ. ನೆಲದ ಎಲೆಯ ಮೇಲೆ ಉತ್ತರಾರ್ಧ ಮಾತ್ರ, ಅದೂ ಮಕ್ಕಳು ಓದಬಲ್ಲ ಸರಳ ಲಿಪಿಯಲ್ಲಿ. ಓದುವವರ ಎಲೆಯ ಮೇಲೆ ಪೂರ್ತಿ ಪದ್ಯ, ಕವಿಯ ಚಿತ್ರ. ಸ್ಪರ್ಧೆಯಲ್ಲಿ ನೂರರಲ್ಲಿ ಐವತ್ತು ಎಲೆಗಳನ್ನು ಮಾತ್ರ ನೆಲದಲ್ಲಿಡುತ್ತಾರೆ, ಒಬ್ಬೊಬ್ಬರ ಕಡೆ ಇಪ್ಪತ್ತೈದು. ಉಳಿದ ಐವತ್ತನ್ನೂ ಓದುತ್ತಾರೆ, ಅದಕ್ಕೆ ನೆಲದಲ್ಲಿ ಜೋಡಿ ಇರುವುದಿಲ್ಲ, ಮುಟ್ಟಿದವರಿಗೆ ದಂಡ. ನೂರರಲ್ಲಿ ಏಳು ಪದ್ಯಗಳನ್ನು ಮೊದಲ ಅಕ್ಷರ ಕೇಳಿದೊಡನೆಯೇ ಗುರುತಿಸಬಹುದು, ಮಕ್ಕಳು ಮೊದಲು ಆ ಏಳನ್ನೇ ಕಲಿಯುತ್ತಾರೆ. ನಿಮ್ಮ ಶಾಲೆಯಲ್ಲೂ ಮೊದಲು ಅಪರೂಪದ ಪ್ರಾಸವಿರುವ ಹತ್ತು ಹನ್ನೆರಡು ಪದ್ಯಗಳಿಂದ ಶುರು ಮಾಡಿ, ಒಂದೇ ಪ್ರಾಸದವುಗಳನ್ನು ಮಕ್ಕಳ ಕಿವಿ ಪಳಗಿದ ಮೇಲೆ ಸೇರಿಸಿ. ಷಟ್ಪದಿಯ ಮೂರು ಸಾಲು ಜಪಾನಿ ಪದ್ಯದ ಉತ್ತರಾರ್ಧಕ್ಕಿಂತ ಉದ್ದ, ಆದ್ದರಿಂದ ಎಲೆಯನ್ನು ಒಂದೆರಡು ಸೆಂಟಿಮೀಟರ್ ದೊಡ್ಡದು ಮಾಡಿದರೆ ಅಕ್ಷರ ದೂರದಿಂದಲೂ ಕಾಣುತ್ತದೆ.